ಇಬ್ಬರು ಗವರ್ನರುಗಳ ರಾಜ್ಯ: ರೋಡ್ ಐಲೆಂಡ್, 1842

1842ರ ಮೇ ತಿಂಗಳ ಮೊದಲ ವಾರದಲ್ಲಿ ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡಿಗೆ ಇಬ್ಬರು ಗವರ್ನರುಗಳಿದ್ದರು, ಎರಡು ಶಾಸನಸಭೆಗಳಿದ್ದವು. ಸ್ಯಾಮ್ಯುಯೆಲ್ ವಾರ್ಡ್ ಕಿಂಗ್ ಗೆದ್ದು ಬಂದದ್ದು 1663ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ದಯಪಾಲಿಸಿದ್ದ ಸನ್ನದಿನ ಪ್ರಕಾರ. ಥಾಮಸ್ ವಿಲ್ಸನ್ ಡಾರ್ ಗೆದ್ದು ಬಂದದ್ದು, ಜನರೇ ಸೇರಿ ಯಾರ ಅಪ್ಪಣೆಗೂ ಕಾಯದೆ ನಾಲ್ಕು ತಿಂಗಳ ಹಿಂದೆ ಒಪ್ಪಿಕೊಂಡಿದ್ದ ಸಂವಿಧಾನದ ಪ್ರಕಾರ. ಡಾರ್‌ಗೆ ಬಿದ್ದ ಮತ 6,000ಕ್ಕೂ ಹೆಚ್ಚು, ಕಿಂಗ್‌ಗೆ ಬಿದ್ದದ್ದು 5,000ಕ್ಕೂ ಕಡಿಮೆ. ಆದರೂ ಎರಡೇ ತಿಂಗಳಲ್ಲಿ ಡಾರ್ ತಲೆಮರೆಸಿಕೊಂಡು ತಿರುಗುತ್ತಿದ್ದ, ಅವನನ್ನು ಹಿಡಿದುಕೊಟ್ಟವರಿಗೆ 5,000 ಡಾಲರ್ ಬಹುಮಾನ ಸಾರಲಾಗಿತ್ತು.

ಅಮೆರಿಕದಲ್ಲಿ ಮತದ ಹಕ್ಕು ಹರಡಿದ ಕಥೆಯನ್ನು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಹೇಳುತ್ತಾರೆ. ಮೊದಲು ಜಮೀನಿದ್ದವರಿಗೆ, ಆಮೇಲೆ ತೆರಿಗೆ ಕಟ್ಟುವವರಿಗೆ, ಆಮೇಲೆ ಎಲ್ಲ ಬಿಳಿ ಗಂಡಸರಿಗೆ, ಹೀಗೆ. ರೋಡ್ ಐಲೆಂಡಿನ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಕಾಣುವುದು ಬೇರೆ. ಇಲ್ಲಿ ಹಕ್ಕು ಹರಡಿದ್ದು ಚೌಕಾಸಿಯಿಂದ. ಒಬ್ಬರನ್ನು ಒಳಗೆ ಬಿಡಲು ಇನ್ನೊಬ್ಬರನ್ನು ಹೊರಗಿಡಬೇಕಾಯಿತು, ಮತ್ತು ಹಾಗೆ ಹೊರಗುಳಿದವರೇ ಕೊನೆಗೆ ಯಾರು ಗೆಲ್ಲಬೇಕೆಂಬುದನ್ನು ನಿರ್ಧರಿಸುವಲ್ಲಿ ಕೈಯಾಡಿಸಿದರು.

ದೊರೆಯನ್ನು ಬಿಟ್ಟರು, ಸನ್ನದನ್ನು ಬಿಡಲಿಲ್ಲ

ರೋಡ್ ಐಲೆಂಡ್ ಇಂಗ್ಲೆಂಡಿನ ದೊರೆಗೆ ನಿಷ್ಠೆ ಕಳಚಿದ್ದು 1776ರ ಮೇ 4ರಂದು, ಉಳಿದ ವಸಾಹತುಗಳು ಸೇರಿ ಸ್ವಾತಂತ್ರ್ಯ ಘೋಷಿಸುವುದಕ್ಕೂ ಎರಡು ತಿಂಗಳು ಮೊದಲು. ಬೇರೆ ರಾಜ್ಯಗಳು ಹೊಸ ಸಂವಿಧಾನ ಬರೆದುಕೊಂಡವು. ರೋಡ್ ಐಲೆಂಡ್ ಮಾತ್ರ ಹಳೆಯ ಸನ್ನದಿನಲ್ಲೇ ಸಂಸಾರ ಮುಂದುವರಿಸಿತು. ಇದೇ ದಾರಿ ಹಿಡಿದಿದ್ದ ನೆರೆಯ ಕನೆಕ್ಟಿಕಟ್ ಕೂಡ 1818ರಲ್ಲಿ ಸನ್ನದು ಬಿಟ್ಟು ಸಂವಿಧಾನಕ್ಕೆ ಬಂದಿತ್ತು. ತನ್ನ ಕಾಲಕ್ಕೆ ಆ ಸನ್ನದು ಉದಾರವಾದದ್ದೇ. ಧರ್ಮದ ವಿಷಯದಲ್ಲಿ ಅದು ಕೊಟ್ಟಷ್ಟು ಸ್ವಾತಂತ್ರ್ಯ ಆಗ ಬೇರೆಡೆ ಸಿಗುವುದು ಅಪರೂಪ. ಆದರೆ ತಿದ್ದುಪಡಿ ಮಾಡುವ ದಾರಿಯೇ ಅದರಲ್ಲಿ ಇರಲಿಲ್ಲ. ಬದಲಾಯಿಸಬೇಕಾದರೆ ಶಾಸನಸಭೆಯೇ ಮನಸ್ಸು ಮಾಡಬೇಕು. ಬದಲಾವಣೆಯಿಂದ ಕಳೆದುಕೊಳ್ಳುವವರೇ ಆ ಸಭೆಯಲ್ಲಿ ಕೂತಿದ್ದರು.

1798ರಿಂದ ಜಾರಿಯಲ್ಲಿದ್ದ ನಿಯಮದಂತೆ ಮತ ಹಾಕಲು 134 ಡಾಲರ್ ಬೆಲೆಯ ಸ್ಥಿರಾಸ್ತಿ ಇರಬೇಕಿತ್ತು. ಆಸ್ತಿವಂತನ ಹಿರಿಯ ಮಗನಿಗೂ ಮತವಿತ್ತು, ಕಿರಿಯರಿಗೆ ಇಲ್ಲ. ರೈತರ ನಾಡಾಗಿದ್ದ ಕಾಲದಲ್ಲಿ ಈ ನಿಯಮ ಅಷ್ಟೇನೂ ಬಿಗಿ ಅನ್ನಿಸಿರಲಿಲ್ಲ, ಬಹುಪಾಲು ಜನರಿಗೆ ತುಂಡು ಜಮೀನಾದರೂ ಇರುತ್ತಿತ್ತು. ಆದರೆ ಸ್ಯಾಮ್ಯುಯೆಲ್ ಸ್ಲೇಟರ್ ಪಟಕೆಟ್‌ನಲ್ಲಿ 1790ರಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರ ಓಡಿಸಿದ ಮೇಲೆ ನಾಡಿನ ಚಹರೆಯೇ ಬದಲಾಯಿತು. ಬ್ಲ್ಯಾಕ್‌ಸ್ಟೋನ್ ನದಿಯ ಉದ್ದಕ್ಕೂ ಗಿರಣಿಗಳು ಎದ್ದವು. ಪ್ರಾವಿಡೆನ್ಸ್ ಪಟ್ಟಣ ಬೆಳೆಯಿತು. ಗಿರಣಿಯಲ್ಲಿ ದುಡಿಯುವವನು, ಬಾಡಿಗೆ ಮನೆಯಲ್ಲಿರುವ ಬಡಗಿ, ಅಂಗಡಿ ಗುಮಾಸ್ತ, ಇವರಿಗೆಲ್ಲ ಜಮೀನು ಎಲ್ಲಿಂದ ಬರಬೇಕು? 1840ರ ಹೊತ್ತಿಗೆ ರಾಜ್ಯದ ವಯಸ್ಕ ಬಿಳಿ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತವಿಲ್ಲದವರು.

ಪ್ರತಿನಿಧಿಗಳ ಲೆಕ್ಕವೂ 1663ರದ್ದೇ. ನ್ಯೂಪೋರ್ಟಿಗೆ ಆರು ಸೀಟು, ಪ್ರಾವಿಡೆನ್ಸಿಗೆ ನಾಲ್ಕು. 1840ರ ಜನಗಣತಿಯಲ್ಲಿ ಪ್ರಾವಿಡೆನ್ಸಿನ ಜನಸಂಖ್ಯೆ 23,000 ದಾಟಿತ್ತು, ನ್ಯೂಪೋರ್ಟಿನದು 8,000ದ ಆಸುಪಾಸು.

ಮತವಿಲ್ಲದಿರುವುದರ ನೋವು ಚುನಾವಣೆಯ ದಿನಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಜಮೀನಿಲ್ಲದವನು ಜ್ಯೂರಿಯಲ್ಲಿ ಕೂರುವಂತಿಲ್ಲ. ಕೊಟ್ಟ ಸಾಲ ವಸೂಲಿಗೆ ದಾವೆ ಹೂಡಬೇಕೆಂದರೆ ಜಮೀನಿರುವ ಯಾರಾದರೊಬ್ಬರು ಆ ಕಾಗದಕ್ಕೆ ಸಹಿ ಹಾಕಬೇಕು. ವರ್ಷವಿಡೀ ದುಡಿದು ಕೂಲಿ ಬಾಕಿ ಉಳಿದ ಬಡಗಿ, ಆ ಬಾಕಿ ಕೇಳಲು ಇನ್ನೊಬ್ಬ ಧಣಿಯ ಬಾಗಿಲಿಗೆ ಹೋಗಿ ಸಹಿಗಾಗಿ ನಿಲ್ಲಬೇಕಿತ್ತು. 1833ರಲ್ಲಿ ಪ್ರಾವಿಡೆನ್ಸಿನ ಸಭೆಯೊಂದರಲ್ಲಿ ಈ ವ್ಯವಸ್ಥೆಯನ್ನು ಖಾರವಾಗಿ ತರಾಟೆಗೆ ತೆಗೆದುಕೊಂಡ ಸೇತ್ ಲೂಥರ್ ವೃತ್ತಿಯಲ್ಲಿ ಬಡಗಿಯೇ.

ಸಾಹುಕಾರನ ಮಗ

ಚಳವಳಿಯ ಮುಂದಾಳಾದವನು ಮಾತ್ರ ಬಡಗಿಯಲ್ಲ. ಥಾಮಸ್ ಡಾರ್ ಹುಟ್ಟಿದ್ದು 1805ರಲ್ಲಿ, ಪ್ರಾವಿಡೆನ್ಸಿನ ದೊಡ್ಡ ಮನೆತನದಲ್ಲಿ. ಅಪ್ಪ ಸಲಿವನ್ ಡಾರ್ ಚೀನಾ ವ್ಯಾಪಾರದಲ್ಲಿ ಗಳಿಸಿದವನು. ಮಗ ಹಾರ್ವರ್ಡಿನಲ್ಲಿ ಓದಿ, ನ್ಯೂಯಾರ್ಕಿನಲ್ಲಿ ಜೇಮ್ಸ್ ಕೆಂಟ್ ಎಂಬ ಹೆಸರಾಂತ ನ್ಯಾಯವೇತ್ತನ ಬಳಿ ಕಾನೂನು ಕಲಿತ. ತಮಾಷೆಯೆಂದರೆ ಈ ಕೆಂಟ್, 1821ರ ನ್ಯೂಯಾರ್ಕ್ ಸಂವಿಧಾನ ಸಮಾವೇಶದಲ್ಲಿ ಆಸ್ತಿಯಿಲ್ಲದವರಿಗೆ ಮತ ಕೊಡುವುದನ್ನು ಗಟ್ಟಿಯಾಗಿ ವಿರೋಧಿಸಿದ್ದವನು. ಶಿಷ್ಯ ಹಿಡಿದದ್ದು ಗುರುವಿನ ವಿರುದ್ಧ ದಿಕ್ಕು.

1834ರಲ್ಲಿ ಶಾಸನಸಭೆ ಸೇರಿದ ಡಾರ್ ಕೆಲವು ವರ್ಷ ಒಳಗಿನಿಂದಲೇ ಸುಧಾರಣೆಗೆ ಪ್ರಯತ್ನಿಸಿದ. ಫಲ ಸೊನ್ನೆ. 1840ರ ಅಧ್ಯಕ್ಷೀಯ ಚುನಾವಣೆ ಗಾಳಿಯನ್ನೇ ಬದಲಾಯಿಸಿತು. ಮರದ ಗುಡಿಸಲು, ಸೇಬಿನ ಹೆಂಡ, ಮೆರವಣಿಗೆ, ಹಾಡು: ದೇಶದ ಮತದಾರರಲ್ಲಿ ನೂರಕ್ಕೆ ಎಂಬತ್ತರಷ್ಟು ಜನ ಮತಗಟ್ಟೆಗೆ ಬಂದ ಚುನಾವಣೆ ಅದು. ರೋಡ್ ಐಲೆಂಡಿನ ಗಿರಣಿ ಕೆಲಸಗಾರರು ಈ ಜಾತ್ರೆಯನ್ನು ಬೇಲಿಯ ಆಚೆ ನಿಂತು ನೋಡಬೇಕಾಯಿತು. ಅದೇ ವರ್ಷ ಮತಾಧಿಕಾರ ಸಂಘ ಹುಟ್ಟಿಕೊಂಡಿತು. 1841ರ ಏಪ್ರಿಲ್‌ನಲ್ಲಿ ಪ್ರಾವಿಡೆನ್ಸಿನ ಬೀದಿಗಳಲ್ಲಿ ಸಾವಿರಾರು ಜನರ ಮೆರವಣಿಗೆ ಹೊರಟಿತು.

ಸಂಘದ ವಾದ ಸರಳವಾಗಿತ್ತು, ಸರಳವಾದ್ದರಿಂದಲೇ ಅಪಾಯಕಾರಿಯೂ ಆಗಿತ್ತು. ಸಾರ್ವಭೌಮತ್ವ ದೊರೆಯಿಂದ ಜನರ ಕೈಗೆ ಬಂದದ್ದು ನಿಜವಾದರೆ, ಹೊಸ ಸಂವಿಧಾನ ಮಾಡಿಕೊಳ್ಳಲು ಜನ ಸರ್ಕಾರದ ಅನುಮತಿ ಯಾಕೆ ಕೇಳಬೇಕು? ಆ ವರ್ಷದ ಅಕ್ಟೋಬರಿನಲ್ಲಿ 'ಜನರ ಸಮಾವೇಶ' ಸೇರಿತು. ಅದರ ಪ್ರತಿನಿಧಿಗಳನ್ನು ಆರಿಸಿದವರಲ್ಲಿ ಜಮೀನಿದ್ದವರೂ ಇಲ್ಲದವರೂ ಇದ್ದರು. ಕರಡು ಸಿದ್ಧವಾಯಿತು. ಒಂದು ವರ್ಷ ರಾಜ್ಯದಲ್ಲಿ ನೆಲೆಸಿದ ವಯಸ್ಕ ಬಿಳಿ ಗಂಡಸರಿಗೆಲ್ಲ ಮತ.

ಒಂದು ವಿಶೇಷಣದ ಬೆಲೆ

'ಬಿಳಿ' ಎಂಬ ಆ ಮಾತಿನ ಹತ್ತಿರ ನಿಲ್ಲಬೇಕು. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲು ಇಲ್ಲಿದೆ.

ರೋಡ್ ಐಲೆಂಡಿನ ಕಪ್ಪು ಜನರಿಗೆ ಕಾನೂನಿನ ಮೂಲಕ ಮತ ತಪ್ಪಿಸಿದ್ದು 1822ರಲ್ಲಿ. ಅದಕ್ಕೂ ಮೊದಲು, ಜಮೀನಿದ್ದರೆ ಅವರಿಗೆ ಬಣ್ಣದ ಅಡ್ಡಿಯಿರಲಿಲ್ಲ. ಈಗ ಹೊಸ ಸಂವಿಧಾನ ಬರುವಾಗ ಪ್ರಾವಿಡೆನ್ಸಿನ ಕಪ್ಪು ಸಮುದಾಯ ಸಮಾವೇಶಕ್ಕೆ ಮನವಿ ಸಲ್ಲಿಸಿತು. ಅದರ ಹಿಂದಿದ್ದವರಲ್ಲಿ ತರುಣ ಪಾದ್ರಿ ಅಲೆಕ್ಸಾಂಡರ್ ಕ್ರಮ್ಮೆಲ್ ಒಬ್ಬ. ನಾವೂ ಇಲ್ಲಿ ಹುಟ್ಟಿದವರು, ತೆರಿಗೆ ಕಟ್ಟುವವರು, ಹಕ್ಕಿನ ಹೆಸರಿನಲ್ಲಿ ಎದ್ದ ಚಳವಳಿ ನಮ್ಮನ್ನು ಹೊರಗಿಡುವುದು ಯಾವ ನ್ಯಾಯ ಎಂಬುದು ಅದರ ತಾತ್ಪರ್ಯ. ಡಾರ್ ಸಮಾವೇಶದಲ್ಲಿ ಎದ್ದುನಿಂತು 'ಬಿಳಿ' ಪದವನ್ನು ತೆಗೆಯಬೇಕೆಂದು ವಾದಿಸಿದ. ಅವನ ಪರ 18 ಮತ, ವಿರುದ್ಧ 46. ಮೊದಲು ಸಂವಿಧಾನ ಗೆಲ್ಲಲಿ, ಬಣ್ಣದ ಪ್ರಶ್ನೆಯನ್ನು ಆಮೇಲೆ ಜನರ ಮುಂದಿಡೋಣ ಎಂಬ ಸಮಜಾಯಿಷಿಯೂ ಬಂತು. ರಾಜಕೀಯದಲ್ಲಿ 'ಆಮೇಲೆ' ಎಂದರೆ ಏನೆಂದು ಕೇಳಿಸಿಕೊಂಡವರಿಗೆ ಚೆನ್ನಾಗಿ ಗೊತ್ತಿತ್ತು.

ಸೋತ ಡಾರ್ ಆ ಸಂವಿಧಾನವನ್ನು ಕೈಬಿಡಲಿಲ್ಲ, ಅದರ ಪ್ರಚಾರಕ್ಕೆ ನಿಂತ. ಇದನ್ನು ಅವನ ಹೇಡಿತನ ಎನ್ನಲಾರೆ. ಬಹುಮತದ ತತ್ತ್ವ ಹಿಡಿದು ಹೊರಟವನು ತನ್ನ ಸಮಾವೇಶದ ಬಹುಮತಕ್ಕೇ ತಲೆಬಾಗದಿದ್ದರೆ ಹೇಗೆ? ಆದರೆ ಡಿಸೆಂಬರಿನಲ್ಲಿ ಫ್ರೆಡರಿಕ್ ಡಗ್ಲಾಸ್, ಅಬಿ ಕೆಲಿ ಮೊದಲಾದ ಗುಲಾಮಗಿರಿ ವಿರೋಧಿ ಭಾಷಣಕಾರರು ರಾಜ್ಯದಲ್ಲಿ ಊರೂರು ಸುತ್ತಿ ಈ ಸಂವಿಧಾನವನ್ನು ಸೋಲಿಸಿ ಎಂದು ಕರೆ ಕೊಟ್ಟರು. ಡಗ್ಲಾಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಆಗಿನ್ನೂ ಮೂರೇ ವರ್ಷ. ಕೆಲವು ಕಡೆ ಜನ ಗಲಾಟೆ ಎಬ್ಬಿಸಿ ಈ ಸಭೆಗಳನ್ನು ಕೆಡಿಸಿದರು.

ಡಿಸೆಂಬರ್ 27ರಿಂದ ಮತದಾನ. ಪ್ರತಿ ಮತಚೀಟಿಯ ಮೇಲೆ ಒಂದು ಹೇಳಿಕೆ ಇತ್ತು: ನಾನು ಅಮೆರಿಕದ ಪ್ರಜೆ, ವಯಸ್ಸು ಇಪ್ಪತ್ತೊಂದು ತುಂಬಿದೆ, ಈ ರಾಜ್ಯದ ಕಾಯಂ ನಿವಾಸಿ. ಅದರ ಕೆಳಗೆ, ಈಗಿನ ಕಾನೂನಿನಂತೆ ತಾನು ಮತದಾರನೋ ಅಲ್ಲವೋ ಎಂಬುದನ್ನೂ ನಮೂದಿಸಬೇಕಿತ್ತು. ವಕೀಲನ ತಲೆ ಓಡಿದ್ದು ಇಲ್ಲಿ ಕಾಣುತ್ತದೆ, ನಾಳೆ ಯಾರಾದರೂ ಲೆಕ್ಕ ಕೇಳಿದರೆ ತೋರಿಸಲು ಚೀಟಿಗಳೇ ಸಾಕ್ಷಿ. ಸುಮಾರು 14,000 ಮತ ಪರವಾಗಿ ಬಿದ್ದವು, ವಿರುದ್ಧ 52. ಪರವಾದವುಗಳಲ್ಲಿ ಐದು ಸಾವಿರದ ಹತ್ತಿರ ಮತ ಹಳೆಯ ನಿಯಮದಂತೆಯೂ ಮತದಾರರಾದ ಜಮೀನುದಾರರದ್ದು, ಆದ್ದರಿಂದ ಸನ್ನದಿನ ಲೆಕ್ಕದಲ್ಲೂ ಬಹುಮತ ನಮ್ಮದೇ ಎಂದು ಸಂಘ ಸಾರಿತು. ಸನ್ನದಿನ ಕಡೆಯವರು ಎಣಿಕೆಯನ್ನೂ ನಂಬಲಿಲ್ಲ, ಮತದಾನವನ್ನೂ ಒಪ್ಪಲಿಲ್ಲ. ಅವರು ಮತವನ್ನೇ ಬಹಿಷ್ಕರಿಸಿದ್ದರಿಂದ ಆ 52ಕ್ಕೆ ಹೆಚ್ಚಿನ ಅರ್ಥವೇನೂ ಇಲ್ಲ.

ಗಾಬರಿಯಾದ ಶಾಸನಸಭೆಯ ಕಡೆಯವರು ತಮ್ಮದೇ ಸಮಾವೇಶ ನಡೆಸಿ, ಮತದ ಹಕ್ಕನ್ನು ಸಾಕಷ್ಟು ಸಡಿಲಿಸಿದ ಇನ್ನೊಂದು ಸಂವಿಧಾನ ಮುಂದಿಟ್ಟರು. 1842ರ ಮಾರ್ಚಿನಲ್ಲಿ ಅದು 8,013ಕ್ಕೆ 8,689 ಮತಗಳಿಂದ ಸೋತಿತು. ಕಟ್ಟಾ ಜಮೀನುದಾರರಿಗೆ ಅದು ಅತಿಯಾಯಿತು, ಡಾರ್ ಕಡೆಯವರಿಗೆ ಅದು ತಮ್ಮ ಸಂವಿಧಾನಕ್ಕೆ ಪೈಪೋಟಿ. ಎರಡು ತುದಿಯವರೂ ಸೇರಿ ನಡುವಿನದನ್ನು ಕೆಡವಿದರು. 700ಕ್ಕೂ ಕಡಿಮೆ ಅಂತರ. ಅಂದು ಅದು ಗೆದ್ದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಮೇ 3: ಬೀಗ ಹಾಕಿದ ಬಾಗಿಲು

ಏಪ್ರಿಲ್ ಆರಂಭದಲ್ಲಿ ಶಾಸನಸಭೆ ಹೊಸ ಕಾನೂನು ತಂದಿತು: ಜನರ ಸಂವಿಧಾನದಡಿ ಅಧಿಕಾರ ವಹಿಸಿಕೊಂಡರೆ ಅದು ರಾಜ್ಯದ್ರೋಹ, ಜೀವಾವಧಿ ಸೆರೆ. ಕ್ರೌರ್ಯಕ್ಕೆ ಹೆಸರಾದ ಅಲ್ಜೀರ್ಸ್‌ನ ಅರಸನ ನೆನಪಿನಲ್ಲಿ ಜನ ಇದಕ್ಕೆ 'ಅಲ್ಜೆರೈನ್ ಕಾನೂನು' ಎಂದು ಅಡ್ಡಹೆಸರಿಟ್ಟರು. ಹೆಸರನ್ನು ನೋಡಿ ನಕ್ಕರೂ ಕಾನೂನು ಕೆಲಸ ಮಾಡಿತು. ಡಾರ್ ಪಕ್ಷದ ಮರ್ಯಾದಸ್ಥ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ಡಾರ್‌ನ ಅಪ್ಪ ಅಮ್ಮ ಕಾಗದ ಬರೆದು, ಇದನ್ನು ಬಿಟ್ಟುಬಿಡು ಮಗನೇ ಎಂದು ಬೇಡಿಕೊಂಡರು. ಅವನು ಬಿಡಲಿಲ್ಲ.

ಮೇ 3ರಂದು ಡಾರ್ ಮೆರವಣಿಗೆಯಲ್ಲಿ ಬಂದು ಪ್ರಮಾಣವಚನ ಸ್ವೀಕರಿಸಿದ. ಪ್ರಾವಿಡೆನ್ಸಿನ ಸರ್ಕಾರಿ ಸಭಾಭವನಕ್ಕೆ ಬೀಗ ಬಿದ್ದಿತ್ತು. ಹೊಸ ಶಾಸನಸಭೆ ಸೇರಿದ್ದು ಅರ್ಧ ಕಟ್ಟಿದ ಒಂದು ಎರಕದ ಕಾರ್ಖಾನೆಯಲ್ಲಿ. ಬೀಗ ಒಡೆದು ಭವನವನ್ನು, ಖಜಾನೆಯನ್ನು, ದಾಖಲೆಗಳನ್ನು ವಶಕ್ಕೆ ತೆಗೆದುಕೊಳ್ಳೋಣ ಎಂದು ಡಾರ್ ಒತ್ತಾಯಿಸಿದ. ಕಿಂಗ್‌ನ ಶಾಸನಸಭೆ ಆಗ ನ್ಯೂಪೋರ್ಟಿನಲ್ಲಿ ಸೇರಲು ಹೊರಟಿತ್ತು, ಪ್ರಾವಿಡೆನ್ಸಿನಲ್ಲಿ ತಡೆಯುವವರು ಹೆಚ್ಚಿರಲಿಲ್ಲ. ಆದರೆ ಅವನ ಶಾಸಕರಿಗೆ ಧೈರ್ಯ ಬರಲಿಲ್ಲ. ಎರಡು ದಿನ ಕಲಾಪ ನಡೆಸಿ, ಜುಲೈಗೆ ಮತ್ತೆ ಸೇರೋಣ ಎಂದು ಮನೆಗೆ ಹೋದರು.

ಸರ್ಕಾರವೆಂದು ಸಾರಿಕೊಂಡು ಸರ್ಕಾರದ ಕಟ್ಟಡದ ಬೀಗ ಮುಟ್ಟದೆ ಹೋದದ್ದು ಡಾರ್ ಕಡೆಯವರ ದೊಡ್ಡ ಎಡವಟ್ಟು. ಅಂದು ಕೈಗೆ ಸಿಗುತ್ತಿದ್ದುದನ್ನು ಎರಡು ವಾರದ ಮೇಲೆ ಫಿರಂಗಿ ಹಿಡಿದುಕೊಂಡು ಕೇಳಲು ಹೋದರು.

ನಡುವೆ ಡಾರ್ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಜಾನ್ ಟೈಲರ್‌ನನ್ನು ಕಂಡ. ಟೈಲರ್ ಸ್ವತಃ ಜನ ಆರಿಸಿದ ಅಧ್ಯಕ್ಷನಲ್ಲ. ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರಕ್ಕೆ ಬಂದ ಒಂದೇ ತಿಂಗಳಲ್ಲಿ ಸತ್ತದ್ದರಿಂದ ಆ ಕುರ್ಚಿಗೆ ಏರಿದವನು. ವರ್ಜೀನಿಯಾದ ಗುಲಾಮರ ಒಡೆಯ ಕೂಡ. ತಲೆ ಎಣಿಸಿ ಸರ್ಕಾರ ಬದಲಾಯಿಸಬಹುದು ಎಂಬ ತತ್ತ್ವ ದಕ್ಷಿಣದವರ ಕಿವಿಗೆ ಹೇಗೆ ಕೇಳಿಸಿರಬೇಕು! ದಕ್ಷಿಣ ಕ್ಯಾರೊಲಿನಾದಲ್ಲಿ ಆಗ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರು. ದಂಗೆ ನಿಜವಾಗಿ ಎದ್ದರೆ ಸನ್ನದಿನ ಸರ್ಕಾರಕ್ಕೇ ಬೆಂಬಲ ಎಂದು ಟೈಲರ್ ಮೊದಲೇ ಕಿಂಗ್‌ಗೆ ಬರೆದು ತಿಳಿಸಿದ್ದ. ವಾಷಿಂಗ್ಟನ್ನಿನಲ್ಲಿ ಬರಿಗೈಯಾದ ಡಾರ್‌ಗೆ ನ್ಯೂಯಾರ್ಕಿನ ರಾಜಕೀಯ ಕೂಟವಾದ ಟಮನಿ ಹಾಲ್‌ನ ಡೆಮಾಕ್ರಟರು ಅದ್ದೂರಿ ಸ್ವಾಗತ ಕೊಟ್ಟರು, ನೆರವಿನ ಭರವಸೆ ಕೊಟ್ಟರು. ಮೇ 16ರಂದು ಅವನು ಪ್ರಾವಿಡೆನ್ಸಿಗೆ ಮರಳಿದ್ದು ಕೈಯಲ್ಲಿ ಖಡ್ಗ ಹಿಡಿದು.

ಮರುದಿನ ರಾತ್ರಿ, ಅಂದರೆ ಮೇ 18ರ ಬೆಳಗಿನ ಜಾವ, ಇನ್ನೂರಕ್ಕೂ ಹೆಚ್ಚು ಜನರೊಂದಿಗೆ ಡಾರ್ ಶಸ್ತ್ರಾಗಾರದ ಮುಂದೆ ನಿಂತ. ದಟ್ಟ ಮಂಜು. ಎಳೆದು ತಂದ ಎರಡು ಫಿರಂಗಿಗಳು ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷ್ ಸೇನಾನಿ ಬರ್ಗಾಯ್ನ್‌ನಿಂದ ವಶಪಡಿಸಿಕೊಂಡವು. ಶಸ್ತ್ರಾಗಾರದ ಒಳಗೆ ಕಾವಲಿಗೆ ನಿಂತವರಲ್ಲಿ ಡಾರ್‌ನ ಅಪ್ಪ ಇದ್ದ, ತಮ್ಮ ಇದ್ದ, ಸೋದರಮಾವನೂ ಇದ್ದ. ಶರಣಾಗುವುದಿಲ್ಲ ಎಂದು ಒಳಗಿನಿಂದ ಉತ್ತರ ಬಂತು. ಡಾರ್ ಗುಂಡು ಹಾರಿಸಲು ಹೇಳಿದ. ಬತ್ತಿಯ ಬಾಯಲ್ಲಿ ಮದ್ದು ಭುಸ್ ಎಂದು ಉರಿಯಿತು, ಫಿರಂಗಿ ಸಿಡಿಯಲಿಲ್ಲ. ಎರಡನೆಯದೂ ಅಷ್ಟೇ. ಬೆಳಕು ಹರಿಯುವ ಹೊತ್ತಿಗೆ ಅವನ ಸುತ್ತ ಬೆರಳೆಣಿಕೆಯ ಜನ ಉಳಿದಿದ್ದರು, ಅವನ ಶಾಸಕರಲ್ಲಿ ಹಲವರು ಅಂದು ಬೆಳಿಗ್ಗೆಯೇ ರಾಜೀನಾಮೆ ಕೊಟ್ಟರು. ಆ ಎರಡು ಫಿರಂಗಿಗಳು ಹಾರಿದ್ದರೆ ಒಬ್ಬ ಮಗ ತನ್ನ ಅಪ್ಪನ ಮೇಲೆ ಗುಂಡು ಹಾರಿಸಿದ ಕಥೆಯಾಗಿ ಇದು ಉಳಿಯುತ್ತಿತ್ತು.

ಜೂನ್ ಕೊನೆಯಲ್ಲಿ ವಾಯವ್ಯದ ಚೆಪಾಚೆಟ್ ಹಳ್ಳಿಯ ಗುಡ್ಡದ ಮೇಲೆ ಮತ್ತೆ ಒಂದಿಷ್ಟು ಜನ ಸೇರಿದರು. ಸರ್ಕಾರ ಸೇನಾಡಳಿತ ಘೋಷಿಸಿ ಸಾವಿರಾರು ಜನರ ಪಡೆ ಕಳಿಸಿತು. ಅದು ತಲುಪುವ ಮುನ್ನವೇ ಡಾರ್ ತನ್ನವರನ್ನು ಚದುರಿಸಿ ರಾಜ್ಯ ಬಿಟ್ಟ.

ಕಾವಲಿಗೆ ನಿಂತವರು, ಕೂಲಿ ಕೇಳಿದವರು

ಆ ಪಡೆ ಚೆಪಾಚೆಟ್ ಕಡೆ ಹೋದಾಗ ಪ್ರಾವಿಡೆನ್ಸ್ ಪಟ್ಟಣವನ್ನು ಕಾದವರು ಯಾರು? ಹಿಂದಿನ ವರ್ಷ ಜನರ ಸಮಾವೇಶ ಬಾಗಿಲು ಹಾಕಿ ಕಳಿಸಿದ್ದ ಕಪ್ಪು ಸಮುದಾಯದವರಲ್ಲಿ ಸುಮಾರು ಇನ್ನೂರು ಮಂದಿ ಸರ್ಕಾರದ ಪರ ಹೆಸರು ಕೊಟ್ಟು ಬೀದಿ ಗಸ್ತು ಹೊಡೆದರು. ಕಿಂಗ್ ಕಡೆಯವರೇನೂ ಅವರ ಆಪ್ತರಲ್ಲ, 1822ರಲ್ಲಿ ಮತ ಕಿತ್ತುಕೊಂಡ ವ್ಯವಸ್ಥೆಯ ವಾರಸುದಾರರೇ ಅವರು. ಆದರೆ ಇಲ್ಲಿ ಲೆಕ್ಕಾಚಾರ ಚೊಕ್ಕಟವಾಗಿತ್ತು. ಒಂದು ಕಡೆಯವರು ಹಕ್ಕಿನ ತತ್ತ್ವ ಹೇಳಿ ಹಕ್ಕು ಕೊಡಲಿಲ್ಲ, ಇನ್ನೊಂದು ಕಡೆಯವರಿಗೆ ತತ್ತ್ವವಿಲ್ಲದಿದ್ದರೂ ಸಹಾಯದ ಅಗತ್ಯವಿತ್ತು.

ಋಣ ಬೇಗ ಸಂದಾಯವಾಯಿತು. ಗೆದ್ದ 'ಕಾನೂನು ಮತ್ತು ಸುವ್ಯವಸ್ಥೆ' ಪಕ್ಷ ಅದೇ ಶರತ್ಕಾಲದಲ್ಲಿ ಮತ್ತೊಂದು ಸಂವಿಧಾನ ಬರೆಯಿತು. ದಂಗೆಯನ್ನು ತುಳಿದವರೇ ದಂಗೆಕೋರರ ಬೇಡಿಕೆಯ ದೊಡ್ಡ ಪಾಲನ್ನು ಕೊಟ್ಟರು: ಅಮೆರಿಕದಲ್ಲೇ ಹುಟ್ಟಿದ ಗಂಡಸು ಅಲ್ಪ ತೆರಿಗೆ ಕಟ್ಟಿದ್ದರೆ ಅಥವಾ ಸ್ಥಳೀಯ ಪಡೆಯಲ್ಲಿ ಸೇವೆ ಮಾಡಿದ್ದರೆ ಜಮೀನಿಲ್ಲದಿದ್ದರೂ ಮತ ಹಾಕಬಹುದು. 'ಬಿಳಿ' ಪದ ಬೇಕೇ ಬೇಡವೇ ಎಂದು ಬೇರೆಯಾಗಿ ಮತಕ್ಕೆ ಹಾಕಿದರು, ಬೇಡ ಎಂಬುದು ಗೆದ್ದಿತು. ನ್ಯೂಯಾರ್ಕ್ 1821ರಲ್ಲಿ ಬಿಳಿಯರಿಗೆ ಆಸ್ತಿಯ ಷರತ್ತು ಸಡಿಲಿಸುತ್ತಲೇ ಕಪ್ಪು ಗಂಡಸರಿಗೆ 250 ಡಾಲರ್ ಆಸ್ತಿಯ ಷರತ್ತು ಹೇರಿತ್ತು. ಪೆನ್ಸಿಲ್ವೇನಿಯಾ 1838ರಲ್ಲಿ ಅವರ ಮತವನ್ನು ಪೂರ್ತಿ ಕಿತ್ತುಕೊಂಡಿತ್ತು. ಅಂತಹ ಕಾಲದಲ್ಲಿ ಕಿತ್ತುಕೊಂಡ ಮತವನ್ನು ಕಪ್ಪು ಜನರಿಗೆ ಮರಳಿಸಿದ ರಾಜ್ಯ ಇದೊಂದೇ. ಮರಳಿಸಿದವರು ಸಂಪ್ರದಾಯಸ್ಥರು.

ಈ ಸಲ ಬೆಲೆ ತೆತ್ತವರು ಐರಿಷ್ ಕ್ಯಾಥೊಲಿಕ್ ವಲಸಿಗರು. ಹೊರದೇಶದಲ್ಲಿ ಹುಟ್ಟಿ ಅಮೆರಿಕದ ಪೌರತ್ವ ಪಡೆದವರಿಗೆ ಹಳೆಯ 134 ಡಾಲರಿನ ಸ್ಥಿರಾಸ್ತಿ ಷರತ್ತು ಹಾಗೇ ಉಳಿಯಿತು. ಡಾರ್ ಗೆದ್ದರೆ ರಾಜ್ಯ ಪೋಪನ ಪಾಲಾಗುತ್ತದೆ ಎಂದು ಪ್ರಾವಿಡೆನ್ಸಿನ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಹೆದರಿಸಿದ್ದರು. ನವೆಂಬರಿನಲ್ಲಿ ಈ ಸಂವಿಧಾನ 7,024ಕ್ಕೆ 51 ಮತಗಳಿಂದ ಅಂಗೀಕಾರವಾಯಿತು. ಈ ಬಾರಿ ಬಹಿಷ್ಕಾರ ಹಾಕಿದವರು ಡಾರ್ ಕಡೆಯವರು, 51ರ ಅರ್ಥವೂ ಹಿಂದಿನ 52ರಷ್ಟೇ.

ನ್ಯಾಯಾಲಯಗಳಲ್ಲಿ

ಡಾರ್ 1843ರ ಅಕ್ಟೋಬರ್ ಕೊನೆಗೆ ತಾನಾಗಿಯೇ ಪ್ರಾವಿಡೆನ್ಸಿಗೆ ಬಂದು ಬಂಧನಕ್ಕೊಳಗಾದ. ವಿಚಾರಣೆ ನಡೆದದ್ದು ಅವನಿಗೆ ಬೆಂಬಲವಿದ್ದ ಪ್ರಾವಿಡೆನ್ಸಿನಲ್ಲಲ್ಲ, ನ್ಯೂಪೋರ್ಟಿನಲ್ಲಿ. 1844ರ ಜೂನಿನಲ್ಲಿ ಜೀವಾವಧಿ ಏಕಾಂತ ಸೆರೆ ಮತ್ತು ಕಠಿಣ ದುಡಿಮೆಯ ಶಿಕ್ಷೆ. ಈ ತೀರ್ಪಿನ ಮೇಲ್ಮನವಿಯನ್ನು ನಮ್ಮ ರಾಜ್ಯದ, ನಮ್ಮ ದೇಶದ ಜನರಿಗೇ ಸಲ್ಲಿಸುತ್ತೇನೆ ಎಂದು ಅವನು ನ್ಯಾಯಾಲಯದಲ್ಲಿ ಹೇಳಿದ. ಜೈಲಿನಲ್ಲಿ ಅವನಿಗೆ ಕೊಟ್ಟ ಕೆಲಸ ಬೀಸಣಿಗೆಗಳಿಗೆ ಬಣ್ಣ ಹಚ್ಚುವುದು. ಹೊರಗೆ ಅವನ ಬಿಡುಗಡೆಗಾಗಿ ಹೆಣ್ಣುಮಕ್ಕಳು ಸಂಘ ಕಟ್ಟಿ, ಹಣ ಕೂಡಿಸಿ, ಕಡಲ ಚಿಪ್ಪಿನ ಮಾಂಸ ಬೇಯಿಸಿ ಬಡಿಸುವ ಬೃಹತ್ ಸಂತರ್ಪಣೆಗಳಲ್ಲಿ ಜನರನ್ನು ಸೇರಿಸಿದರು. ಅವರಿಗೆ ಮತ ಕೊಡುವ ಮಾತನ್ನು ಎರಡೂ ಕಡೆಯ ಸಂವಿಧಾನಗಳು ಎತ್ತಲಿಲ್ಲ. 1845ರ ಜೂನಿನಲ್ಲಿ ಡಾರ್ ಬಿಡುಗಡೆಯಾದ. ಆರೋಗ್ಯ ಕೆಟ್ಟಿತ್ತು. 1854ರಲ್ಲಿ ತೀರಿಕೊಂಡ.

ಜನರೇ ಸಂವಿಧಾನ ಬದಲಾಯಿಸಬಹುದೇ ಎಂಬ ಮೂಲ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಬೇರೊಂದು ದಾರಿಯಲ್ಲಿ. ವಾರೆನ್ ಊರಿನ ಮಾರ್ಟಿನ್ ಲೂಥರ್ ಎಂಬ ಚಮ್ಮಾರ ಜನರ ಚುನಾವಣೆಯಲ್ಲಿ ಮತಗಟ್ಟೆಯ ಮೇಲ್ವಿಚಾರಣೆ ಮಾಡಿದ್ದ. ಸೇನಾಡಳಿತದ ದಿನಗಳಲ್ಲಿ ಲೂಥರ್ ಬಾರ್ಡನ್ ಎಂಬಾತ ಮತ್ತು ಇತರ ಸೈನಿಕರು ಅವನ ಮನೆಯ ಬಾಗಿಲು ಒಡೆದು ನುಗ್ಗಿದರು, ಮನೆಯಲ್ಲಿದ್ದ ವಯಸ್ಸಾದ ತಾಯಿಯನ್ನು ಹೆದರಿಸಿದರು. ಮಾರ್ಟಿನ್ ಲೂಥರ್ ಅತಿಕ್ರಮಣದ ದಾವೆ ಹೂಡಿದ. ಕಾನೂನುಬದ್ಧ ಸರ್ಕಾರ ಡಾರ್‌ನದಾಗಿದ್ದರೆ, ಬಾಗಿಲು ಒಡೆದವರು ಬರೀ ಪುಂಡರು ಎಂಬುದು ಅವನ ವಾದ. ಎದುರು ಪಕ್ಷಕ್ಕೆ ವಾದಿಸಿದ್ದು ಹೆಸರಾಂತ ವಕೀಲ ಡೇನಿಯಲ್ ವೆಬ್‌ಸ್ಟರ್. 1849ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ತೀರ್ಪು ಓದಿದ: ಒಂದು ರಾಜ್ಯದ ಎರಡು ಸರ್ಕಾರಗಳಲ್ಲಿ ಅಸಲಿ ಯಾವುದೆಂದು ಹೇಳುವುದು ರಾಜಕೀಯ ಪ್ರಶ್ನೆ, ಅದನ್ನು ತೀರ್ಮಾನಿಸಬೇಕಾದವರು ಸಂಸತ್ತು ಮತ್ತು ಅಧ್ಯಕ್ಷ, ನ್ಯಾಯಾಲಯವಲ್ಲ. ನ್ಯಾಯಮೂರ್ತಿ ಲೆವಿ ವುಡ್‌ಬರಿ ಒಬ್ಬನೇ, ಇಡೀ ರಾಜ್ಯದ ಮೇಲೆ ಸೇನಾಡಳಿತ ಹೇರಿದ್ದು ತಪ್ಪು ಎಂದು ಭಿನ್ನಮತ ಬರೆದ. ಟಾನಿಯ ತರ್ಕ ಅಮೆರಿಕದ ಕಾನೂನಿನಲ್ಲಿ ದೀರ್ಘಾಯುಷಿಯಾಯಿತು. ಮತಕ್ಷೇತ್ರಗಳ ಅಸಮತೆ ವಿಚಾರಣೆಗೆ ಅರ್ಹ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 1962ರಲ್ಲಿ, ಆಗಲೂ ಈ ತೀರ್ಪನ್ನು ರದ್ದು ಮಾಡದೆ ಪಕ್ಕಕ್ಕೆ ಸರಿಸಿತಷ್ಟೆ.

ರೋಡ್ ಐಲೆಂಡಿನಲ್ಲಿ ಹೊರದೇಶದಲ್ಲಿ ಹುಟ್ಟಿದ ಪೌರರ ಮೇಲಿನ ಜಮೀನಿನ ಷರತ್ತು ತೆಗೆದುಹಾಕಿದ್ದು 1888ರಲ್ಲಿ. ಆ ತಿದ್ದುಪಡಿಯಲ್ಲೇ ಇನ್ನೊಂದು ಷರತ್ತು ಸೇರಿಸಿದರು: ನಗರಸಭೆಗೆ ಮತ ಹಾಕಬೇಕಾದರೆ 134 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು. ಅದು ಹೋದದ್ದು 1928ರಲ್ಲಿ.